ಸಾದಾ ಪ್ಲಗ್ಗೋ, ಇರಿಡಿಯಮ್ಮೋ? ಎರಡು ವರ್ಷ ಹಾಕಿ ನೋಡಿದ ಮೇಲೆ ನನ್ನ ಲೆಕ್ಕ

ಇಂಜಿನ್ನಿನೊಳಗೆ ಕಿಡಿ ಹಾರಿಸಿ ಪೆಟ್ರೋಲ್ ಹೊತ್ತಿಸುವ ಸ್ಪಾರ್ಕ್ ಪ್ಲಗ್ಗಿನ ಮಾತು ಇದು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸಾದಾ ನಿಕಲ್ ಪ್ಲಗ್ಗಿಗೆ. ಎರಡು ವರ್ಷದಲ್ಲಿ ಮೂರು ಬಗೆ ಹಾಕಿ ನೋಡಿದೆ. 120 ರೂಪಾಯಿಯ ಸಾದಾದು, 640 ಕೊಟ್ಟು ತಂದ, ಇರಿಡಿಯಮ್ ಲೋಹದ ತುದಿಯದು, ಆಮೇಲೆ ಡಬ್ಬಿ ಮೇಲೆ ಹೆಸರೂ ಸರಿಯಾಗಿಲ್ಲದ 50 ರೂಪಾಯಿಯದು. ನನ್ನದು ಕಾರ್ಬುರೇಟರ್ ಇರುವ ಹಳೆಯ ನೂರು ಸಿಸಿ ಗಾಡಿ. ವಾರವೆಲ್ಲ ವಿಜಯಪುರದ ಒಳಗೇ ಓಡಾಟ, ಶನಿವಾರ ಮಾತ್ರ ಕೊಲ್ಹಾರ ದಾಟಿ ಬೀಳಗಿ ಕಡೆ ಹೊಲಕ್ಕೆ ಹೋಗಿ ಬರುತ್ತೇನೆ.

50 ರೂಪಾಯಿಯದರ ವಾಷರ್ ಕೂರಲೇ ಇಲ್ಲ, ಪ್ಲಗ್ ಸುತ್ತ ಚುಸ್ ಚುಸ್ ಅಂತ ಗಾಳಿ ಬರುತ್ತಿತ್ತು. ಮೂರನೇ ದಿನ ತೆಗೆದೆ. ತಗೋಬೇಡಿ.

ಇರಿಡಿಯಮ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಡಿಸೆಂಬರ್ ಬೆಳಿಗ್ಗೆ ಮೂರು ನಾಲ್ಕು ಕಿಕ್ ಕೇಳುತ್ತಿದ್ದ ಗಾಡಿ ಅದನ್ನು ಹಾಕಿದ ಮೇಲೆ ಒಂದೇ ಕಿಕ್ಕಿಗೆ ಶುರುವಾಯಿತು. ಕಾರಣ ಅದರ ತುದಿ. ಸಾದಾ ಪ್ಲಗ್ಗಿನ ನಡುವಿನ ಕಡ್ಡಿ ಎರಡು ಮಿಲಿಮೀಟರಿಗೂ ದಪ್ಪ, ನಾನು ತಂದ ಇರಿಡಿಯಮ್ಮಿನದು 0.6 ಅಷ್ಟೇ. ತುದಿ ಚೂಪಾದಷ್ಟೂ ಕಡಿಮೆ ವೋಲ್ಟೇಜಿಗೇ ಕಿಡಿ ಹಾರುತ್ತದೆ. ನಿಕಲ್ 1455 ಡಿಗ್ರಿಗೆ ಕರಗಿದರೆ ಇರಿಡಿಯಮ್ ಕರಗಲು 2400 ದಾಟಬೇಕು, ಅದಕ್ಕೇ ಅಷ್ಟು ತೆಳ್ಳಗಿದ್ದರೂ ಬೇಗ ಸವೆಯುವುದಿಲ್ಲ. ಮೈಲೇಜ್ ಜಾಸ್ತಿ ಆಯಿತಾ ಅಂದರೆ, ನನ್ನ ಗಾಡಿಯಲ್ಲಿ ಏನೂ ಫರಕು ಕಾಣಲಿಲ್ಲ.

ಈಗ ನನ್ನ ಮನಸ್ಸು ಕೆಡಿಸಿದ ಸಂಗತಿಗೆ ಬರುತ್ತೇನೆ. ಮಳೆಗಾಲದಲ್ಲಿ, ತಣ್ಣನೆ ಇಂಜಿನ್ ಶುರುಮಾಡಲು ಪೆಟ್ರೋಲ್ ಜಾಸ್ತಿ ಬಿಡುವ ಚೋಕ್ ಲಿವರ್ ಅರ್ಧಕ್ಕೆ ಸಿಕ್ಕಿಕೊಂಡಿತ್ತು, ನನಗೆ ಗೊತ್ತೇ ಆಗಲಿಲ್ಲ. ಪೆಟ್ರೋಲ್ ಜಾಸ್ತಿ ಹೋಗಿ ಪ್ಲಗ್ ಮೇಲೆ ಮಸಿ ಕಟ್ಟುತ್ತಾ ಬಂತು. ಪ್ಲಗ್ಗಿನ ಮೂತಿ 450 ಡಿಗ್ರಿ ದಾಟಿದರೆ ಮಸಿ ತಾನಾಗಿ ಸುಟ್ಟು ಹೋಗುತ್ತದೆ, ಆದರೆ ಸಿದ್ಧೇಶ್ವರ ಗುಡಿಯಿಂದ ಸ್ಟೇಷನ್ ರೋಡಿಗೆ, ಅಲ್ಲಿಂದ ಮಾರ್ಕೆಟ್ಟಿಗೆ ಅಂತ ಎರಡೆರಡು ಕಿಲೋಮೀಟರ್ ಓಡಿಸುವವನ ಗಾಡಿಯಲ್ಲಿ ಅದು ಅಷ್ಟು ಕಾಯುವುದು ಯಾವಾಗ? ಮಸಿಯಲ್ಲಿ ಕರೆಂಟ್ ಹರಿಯುತ್ತದೆ. ಹಾಗಾಗಿ ನಡುವಿನ ಕಡ್ಡಿಗೂ ಅದರ ಮೇಲೆ ಬಾಗಿದ ಕೊಂಡಿಗೂ ನಡುವಿನ ಗ್ಯಾಪಿನಲ್ಲಿ ಹಾರಬೇಕಾದ ಕಿಡಿ, ಪಿಂಗಾಣಿ ಮೇಲಿನ ಮಸಿ ಹಿಡಿದುಕೊಂಡು ಸುಮ್ನೆ ಪ್ಲಗ್ಗಿನ ಲೋಹದ ಮೈಗೆ ಇಳಿದುಬಿಡುತ್ತದೆ. ಇದರಲ್ಲಿ ಇರಿಡಿಯಮ್ಮಿಗೂ ಸಾದಾಕ್ಕೂ ವ್ಯತ್ಯಾಸವಿಲ್ಲ, ಮಸಿ ಕಟ್ಟಿದರೆ ಎರಡೂ ಕೈ ಕೊಡುತ್ತವೆ.

ಶನಿವಾರ ಕೊರ್ತಿ-ಕೊಲ್ಹಾರ ಸೇತುವೆ ಮೇಲೆ ಗಾಡಿ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಎರಡೂ ಕಡೆ ಕೃಷ್ಣೆಯ ನೀರು, ನಿಂತರೆ ಲಾರಿಗಳ ಗಾಳಿ. ತಿರುಗಿಸಿ ಕೊಲ್ಹಾರಕ್ಕೇ ತಳ್ಳಿಕೊಂಡು ಬಂದೆ. ಅಲ್ಲಿನ ಮಿಸ್ತ್ರಿ ಒಳ್ಳೆಯ ಮನುಷ್ಯ, ಕೈಯಲ್ಲಿದ್ದ ಕೆಲಸ ಬಿಟ್ಟು ನನ್ನದು ನೋಡಿದರು. ಪ್ಲಗ್ ತೆಗೆದರೆ ಕಾಡಿಗೆ ಹಚ್ಚಿದ ಹಾಗಿತ್ತು. ಅವರು ದಿನಾ ಮಾಡುವ ಹಾಗೇ ಮಾಡಿದರು, ತಂತಿ ಬ್ರಷ್ಷಿನಿಂದ ಗಸಗಸ ಉಜ್ಜಿ, ಎಮರಿ ಪೇಪರ್ ಮಡಚಿ ಗ್ಯಾಪಿನಲ್ಲಿ ಎಳೆದು, ಕೊನೆಗೆ ಗ್ಯಾಪ್ ಕಡಿಮೆ ಮಾಡಲು ಮೇಲಿನ ಕೊಂಡಿಗೆ ಒಂದು ಏಟು ಹಾಕಿದರು. ಸಾದಾ ಪ್ಲಗ್ ಇದನ್ನೆಲ್ಲ ತಡೆದುಕೊಳ್ಳುತ್ತದೆ. ಇರಿಡಿಯಮ್ ತಡೆಯಲಿಲ್ಲ. ಕೊಂಡಿ ಬಂದು ತುದಿಗೆ ಬಡಿಯಿತು, ಸಾಸಿವೆಗಿಂತ ಸಣ್ಣ ಚೂರೊಂದು ಹಾರಿಹೋಯಿತು. ಬಿಸಿಲಿಗೆ ಹಿಡಿದು ನೋಡಿದೆ. ಕಡ್ಡಿ ಇದ್ದ ಜಾಗದಲ್ಲಿ ಮೊಂಡು ಮಾತ್ರ ಉಳಿದಿತ್ತು. 640 ರೂಪಾಯಿಯದು, ಹಾಕಿ ಎಂಟು ತಿಂಗಳೂ ಆಗಿರಲಿಲ್ಲ, ಹೊಟ್ಟೆ ಉರಿಯಿತು.

ಅವರ ತಪ್ಪು ಅಂತ ನನಗೆ ಅನಿಸಲಿಲ್ಲ. ಇರಿಡಿಯಮ್ ತುದಿಗೆ ತಂತಿ ಬ್ರಷ್ ಮುಟ್ಟಿಸಬಾರದು ಅಂತ ನಾನು ಮೊದಲೇ ಹೇಳಬೇಕಿತ್ತು. ಆದರೆ ನಮ್ಮ ಕಡೆ ದಾರಿಯಲ್ಲಿ ಗಾಡಿ ನಿಂತರೆ ಸಿಗುವುದು ತಂತಿ ಬ್ರಷ್ಷೇ ಅಲ್ವಾ? ಅವರ ಹತ್ತಿರವೇ ಒಂದು ಸಾದಾ ಪ್ಲಗ್ ತಗೊಂಡು, ಚೋಕ್ ಕೇಬಲ್ಲಿಗೆ ಎಣ್ಣೆ ಬಿಡಿಸಿ, ಮನೆಗೆ ಒಂದು ಗಡಿಗೆ ಕೊಲ್ಹಾರದ ಮೊಸರು ಕಟ್ಟಿಸಿಕೊಂಡು ವಾಪಸ್ ಬಂದೆ. ಆ ದಿನ ಹೊಲಕ್ಕೆ ಹೋಗಲಿಲ್ಲ.

ಅವತ್ತಿನಿಂದ ಸಾದಾದೇ. ಮೂರು ಸಾವಿರ ಕಿಲೋಮೀಟರಿಗೊಮ್ಮೆ, ಇಂಜಿನ್ ಪೂರ್ತಿ ತಣ್ಣಗಾದ ಮೇಲೆ, ನಾನೇ ಬಿಚ್ಚುತ್ತೇನೆ. ಮೂತಿಯ ಬಣ್ಣ ಜೋಳದ ರೊಟ್ಟಿ ಮೇಲೆ ಬೀಳುವ ತಿಳಿ ಕಂದು ಮಚ್ಚೆಯ ಹಾಗಿದ್ದರೆ ಎಲ್ಲ ಸರಿ ಇದೆ ಅಂತ. ಒಣ ಕಪ್ಪು ಇದ್ದರೆ ಏರ್ ಫಿಲ್ಟರ್, ಚೋಕ್ ನೋಡುತ್ತೇನೆ. ಎಣ್ಣೆ ಜಿಡ್ಡು ಇದ್ದರೆ ಪಿಸ್ಟನ್ ರಿಂಗಿನ ಖರ್ಚು ಬಂತು ಅಂತ ಅರ್ಥ. ಸುಣ್ಣದ ಹಾಗೆ ಬೆಳ್ಳಗಿದ್ದರೆ ಪೆಟ್ರೋಲ್ ಕಡಿಮೆ ಹೋಗಿ ಪ್ಲಗ್ ವಿಪರೀತ ಕಾಯುತ್ತಿದೆ. ಪೆಟ್ರೋಲಿನಲ್ಲಿ ತೊಳೆದು, ಒರೆಸಿ, ಸಂದು ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜಿನಿಂದ ಗ್ಯಾಪ್ 0.9 ಮಿಲಿಮೀಟರಿಗೆ ಇಟ್ಟು ಮತ್ತೆ ಹಾಕುತ್ತೇನೆ. ಹಾಕುವಾಗ ಮೊದಲು ಬೆರಳಲ್ಲೇ ಪೂರ್ತಿ ತಿರುಗಿಸಿ, ಆಮೇಲೆ ಪಾನಾ. ಪ್ಲಗ್ ಕೂರುವ ಇಂಜಿನ್ ಹೆಡ್ ಅಲ್ಯೂಮಿನಿಯಮ್ಮಿನದು, ಥ್ರೆಡ್ ಹೋದರೆ ಪ್ಲಗ್ಗಿನ ಹತ್ತು ಪಟ್ಟು ಖರ್ಚು.

ಪ್ಲಗ್ಗಿನ ಶಾಖದ ನಂಬರ್ ವಿಷಯ ಒಂದಿದೆ, ಯಾವ ಬಗೆ ತಗೊಂಡರೂ ನೋಡಲೇಬೇಕು. ಮೂತಿಯ ಶಾಖವನ್ನು ಬೇಗ ಹೊರಗೆ ಬಿಡುವುದು ಕೋಲ್ಡ್, ಹಿಡಿದಿಟ್ಟುಕೊಳ್ಳುವುದು ಹಾಟ್. ಬೇಸಿಗೆಯಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ, ಅದಕ್ಕೆ ಒಂದು ನಂಬರ್ ಕೋಲ್ಡ್ ಪ್ಲಗ್ ಹಾಕು ಅಂತ ನನಗೂ ಸುಮಾರು ಜನ ಹೇಳಿದರು. ಒಳಗೆ ಐನೂರು ಆರುನೂರು ಡಿಗ್ರಿ ಕಾಯುವ ವಸ್ತುವಿಗೆ ಹೊರಗಿನ ಹತ್ತು ಡಿಗ್ರಿ ಲೆಕ್ಕಕ್ಕಿಲ್ಲ, ಕೋಲ್ಡ್ ಹಾಕಿದರೆ ಊರೊಳಗಿನ ಓಡಾಟಕ್ಕೆ ಮಸಿ ಇನ್ನೂ ಜಾಸ್ತಿ. ಇನ್ನೊಂದು ಗೊಂದಲ ಏನೆಂದರೆ, ಎನ್‌ಜಿಕೆ ಕಂಪನಿಯದರಲ್ಲಿ ನಂಬರ್ ದೊಡ್ಡದಾದಷ್ಟೂ ಪ್ಲಗ್ ಕೋಲ್ಡ್, ಬಾಷ್ ಕಂಪನಿಯದರಲ್ಲಿ ದೊಡ್ಡದಾದಷ್ಟೂ ಹಾಟ್. ಪೂರಾ ಉಲ್ಟಾ. ಒಂದರ ನಂಬರ್ ನೋಡಿ ಇನ್ನೊಂದನ್ನು ಕೇಳಬೇಡಿ, ಗಾಡಿಯ ಪುಸ್ತಕ ತೋರಿಸಿ ಕೇಳಿ. ನನ್ನದರಲ್ಲಿ ಸಿಪಿಆರ್8ಇಎ-9 ಅಂತಿದೆ. ಸಿ ಅಂದರೆ 10 ಮಿಲಿಮೀಟರ್ ಥ್ರೆಡ್, 8 ಅಂದರೆ ಶಾಖದ ನಂಬರ್, ಇ ಅಂದರೆ ಥ್ರೆಡ್ಡಿನ ಉದ್ದ 19 ಮಿಲಿಮೀಟರ್, ಕೊನೆಯ 9 ಅಂದರೆ 0.9 ಮಿಲಿಮೀಟರ್ ಗ್ಯಾಪ್.

ತಿಂಗಳಿಗೆ ನನ್ನದು ಸಾವಿರ ಕಿಲೋಮೀಟರ್ ಹತ್ತಿರ ಆಗುತ್ತದೆ, ಅಂದರೆ ವರ್ಷಕ್ಕೆ ಹನ್ನೆರಡು ಸಾವಿರ, ಅಷ್ಟಕ್ಕೆ ಒಂದು ಸಾದಾ ಪ್ಲಗ್. ಒಂದು ಇರಿಡಿಯಮ್ಮಿನ ದುಡ್ಡಲ್ಲಿ ಐದು ಬರುತ್ತವೆ. ದಿನಾ ಹೈವೇ ಓಡಿಸುವವರು, ಫ್ಯೂಯಲ್ ಇಂಜೆಕ್ಷನ್ ಗಾಡಿ ಇರುವವರು, ಪಾನಾ ಮುಟ್ಟಲು ಮನಸ್ಸಿಲ್ಲದವರು ಇರಿಡಿಯಮ್ ಹಾಕಿಸಿ, ಖಂಡಿತ ಚೆನ್ನಾಗಿರುತ್ತದೆ. ನಾನು ಸೈಡ್ ಬಾಕ್ಸಿನಲ್ಲಿ ಒಂದು ಹೊಸ ಸಾದಾ ಪ್ಲಗ್ ಅರಿವೆಯಲ್ಲಿ ಸುತ್ತಿ ಇಟ್ಟಿದ್ದೇನೆ, ಪಕ್ಕದಲ್ಲೇ 16ರ ಪ್ಲಗ್ ಪಾನಾ.