ಬೇಸ್‌ಬಾಲ್ ಅಂಗಳದಲ್ಲಿ ಫುಟ್‌ಬಾಲ್: ಒಂದು ಸೀಸನ್ ಟಿಕೆಟ್‌ನ ವಿಮರ್ಶೆ

ಅಮೆರಿಕದ ಎರಡನೇ ದರ್ಜೆಯ ವೃತ್ತಿಪರ ಫುಟ್‌ಬಾಲ್ ಲೀಗಿಗೆ ಹೊಸದಾಗಿ ಸೇರಿದ ತಂಡವೊಂದರ ಸೀಸನ್ ಟಿಕೆಟ್ ಕೊಂಡು, ಅದರ ತವರಿನ ಪಂದ್ಯಗಳನ್ನೆಲ್ಲ ನೋಡಿ ಮುಗಿಸಿದ್ದೇನೆ. ತಂಡದ ಹೆಸರು ಇಲ್ಲಿ ಬೇಡ. ನನ್ನ ತಕರಾರು ಆಟಗಾರರ ಮೇಲಲ್ಲ, ಬೇಸ್‌ಬಾಲ್ ತಂಡದಿಂದ ಬಾಡಿಗೆಗೆ ಪಡೆದಿರುವ ಕ್ರೀಡಾಂಗಣದ ಮೇಲೆ.

ಕಾಗದದ ಮೇಲೆ ಅದಕ್ಕೆ ಯಾವ ಕೊರತೆಯೂ ಇಲ್ಲ. ಅಮೆರಿಕದ ಸಾಕರ್ ಫೆಡರೇಶನ್ನಿನ ನಿಯಮದಂತೆ ಮೊದಲ ದರ್ಜೆಯ ತಂಡಕ್ಕೆ ಕನಿಷ್ಠ 15,000, ಎರಡನೆಯದಕ್ಕೆ 5,000, ಮೂರನೆಯದಕ್ಕೆ 1,000 ಆಸನಗಳ ಕ್ರೀಡಾಂಗಣವಿರಬೇಕು. ಇಲ್ಲಿ 5,000ಕ್ಕಿಂತ ಹೆಚ್ಚೇ ಇವೆ. ಆದರೆ ಆ ಆಸನಗಳೆಲ್ಲ ಬ್ಯಾಟುಗಾರ ನಿಲ್ಲುವ ಹೋಮ್ ಪ್ಲೇಟಿನತ್ತ ಮುಖ ಮಾಡಿವೆ. ಅದರ ಹಿಂದಿನ ಸಾಲುಗಳು ಬೇಸ್‌ಬಾಲ್ ನೋಡುವವರಿಗೆ ಅತ್ಯುತ್ತಮವಾದ್ದರಿಂದ ಫುಟ್‌ಬಾಲಿಗೂ ಅತಿ ಹೆಚ್ಚು ಬೆಲೆಗೆ ಮಾರಾಟವಾಗುತ್ತವೆ. ಅಲ್ಲಿ ಕುಳಿತ ನನಗೆ ಚೆನ್ನಾಗಿ ಕಂಡದ್ದು ಒಂದು ಕಾರ್ನರ್ ಧ್ವಜ ಮಾತ್ರ. ದೂರದ ಗೋಲಿನ ಮುಂದೆ ನಡೆಯುವುದನ್ನು ತಿಳಿಯಲು ತೊಂಬತ್ತು ನಿಮಿಷವೂ ಕತ್ತು ತಿರುಗಿಸಿಕೊಂಡೇ ಇರಬೇಕು. ಚೆಂಡೆಸೆಯುವ ಪಿಚರ್ ನಿಲ್ಲುವ ದಿಬ್ಬವನ್ನು ತೆಗೆದು, ಕೆಂಪು ಮಣ್ಣಿನ ಭಾಗದ ಮೇಲೆ ಹುಲ್ಲಿನ ಹಾಸುಗಳನ್ನು ಹೊಂದಿಸಿರುತ್ತಾರೆ; ಅವು ಕೂಡುವ ಅಂಚಿನಲ್ಲಿ ನೆಲಕ್ಕೆ ಅಂಟಿಕೊಂಡು ಬರುವ ಪಾಸು ಪುಟಿದು ದಿಕ್ಕು ತಪ್ಪಿದ್ದನ್ನು ಹಲವು ಸಲ ಕಂಡಿದ್ದೇನೆ.

ಹಣದ ನಿಯಮಗಳ ಬಗ್ಗೆ ನನ್ನ ಅಭಿಪ್ರಾಯ ಇಷ್ಟು ಕಹಿಯಾಗಿಲ್ಲ. ಎರಡನೇ ದರ್ಜೆಯ ತಂಡದಲ್ಲಿ ಕನಿಷ್ಠ 35 ಶೇಕಡಾ ಪಾಲು ಹೊಂದಿರುವ ಪ್ರಧಾನ ಮಾಲೀಕರೊಬ್ಬರು ಇರಬೇಕು. ತಂಡದ ಬೆಲೆಯನ್ನೂ ವಾಸದ ಮನೆಯನ್ನೂ ಬಿಟ್ಟು ಅವರ ನಿವ್ವಳ ಆಸ್ತಿ 2 ಕೋಟಿ ಡಾಲರ್‌ಗಿಂತ ಕಡಿಮೆ ಇರಬಾರದು. ಮೊದಲ ದರ್ಜೆಗೆ ಇದು 4 ಕೋಟಿ. ಇದರ ಜೊತೆಗೆ ಎರಡನೇ ದರ್ಜೆಯ ತಂಡ 7.5 ಲಕ್ಷ ಡಾಲರ್‌ಗಳ ಭದ್ರತಾ ಬಾಂಡ್ ಒದಗಿಸಬೇಕು. ಇಡೀ ವರ್ಷದ ಹಣವನ್ನು ಮುಂಗಡವಾಗಿ ಕೊಟ್ಟ ನನ್ನಂಥವನಿಗೆ ಆ ಬಾಂಡ್ ಬಹಳ ದೊಡ್ಡ ಸಮಾಧಾನ, ಏಕೆಂದರೆ ಮಾಲೀಕರು ನಡುವೆ ಕೈಚೆಲ್ಲಿದರೆ ಋತುವನ್ನು ಹೇಗೋ ಮುಗಿಸಲು ಅದೇ ಆಧಾರ. (ಇದನ್ನೆಲ್ಲ ತಿಳಿದುಕೊಂಡದ್ದು ಹಣ ಕಟ್ಟಿದ ಮೇಲೆ ಎಂಬುದನ್ನೂ ಒಪ್ಪಿಕೊಳ್ಳಬೇಕು.)

ಆದರೆ ಮಾಲೀಕರ ಆಸ್ತಿ ಎಷ್ಟೆಂದು ಕೇಳುವ ನಿಯಮದಿಂದ ಕ್ರೀಡಾಂಗಣ ಎದ್ದು ನಿಲ್ಲುವುದಿಲ್ಲ. ಮೊದಲ ದರ್ಜೆಯ ಲೀಗಾದ ಮೇಜರ್ ಲೀಗ್ ಸಾಕರ್‌ಗೆ ಸೇರಲು 2007ರಲ್ಲಿ ಟೊರಾಂಟೊ ಕೊಟ್ಟ ಶುಲ್ಕ 1 ಕೋಟಿ ಡಾಲರ್. 2023ರಲ್ಲಿ ಸ್ಯಾನ್ ಡಿಯಾಗೊ ಒಪ್ಪಿದ್ದು 50 ಕೋಟಿ. ಕ್ರೀಡಾಂಗಣದ ಖರ್ಚು ಬೇರೆ. ನ್ಯೂಯಾರ್ಕ್ ಸಿಟಿಯಂಥ ಸಿರಿವಂತ ಕ್ಲಬ್ಬೂ 2015ರಲ್ಲಿ ಯಾಂಕೀ ಸ್ಟೇಡಿಯಂ ಎಂಬ ಬೇಸ್‌ಬಾಲ್ ಅಂಗಳದಲ್ಲೇ ಆಟ ಆರಂಭಿಸಿತು. ಹಾಗಾಗಿ ಬಾಡಿಗೆಯ ಅಂಗಳವನ್ನು ನಾನು ಅಪರಾಧವೆನ್ನಲಾರೆ. ಅದು ಎಷ್ಟು ವರ್ಷಕ್ಕೆ ಎಂಬುದೇ ಪ್ರಶ್ನೆ. ಎರಡನೇ ದರ್ಜೆಯ ಲೂಯಿವಿಲ್ ಸಿಟಿ 2015ರಿಂದ ಬೇಸ್‌ಬಾಲ್ ಮೈದಾನದಲ್ಲಿ ಆಡುತ್ತಿದ್ದು, 2020ರಲ್ಲಿ ಫುಟ್‌ಬಾಲಿಗೆಂದೇ ಕಟ್ಟಿದ, 11,000ಕ್ಕೂ ಹೆಚ್ಚು ಜನ ಹಿಡಿಸುವ ಲಿನ್ ಫ್ಯಾಮಿಲಿ ಸ್ಟೇಡಿಯಂಗೆ ಸ್ಥಳಾಂತರಗೊಂಡಿತು. ನಮ್ಮ ತಂಡದವರು ಮಾತ್ರ ತಮ್ಮ ಬಾಡಿಗೆ ಕರಾರಿನ ಅವಧಿಯನ್ನು ಟಿಕೆಟ್ ಕೊಂಡವರಿಗೂ ತಿಳಿಸಿಲ್ಲ.

ಮುಂದಿನ ವರ್ಷವೂ ಟಿಕೆಟ್ ಕೊಳ್ಳುತ್ತೇನೆ, ಆದರೆ ಬ್ಯಾಟುಗಾರ ಮೊದಲು ಓಡಿ ಮುಟ್ಟುವ ಗುರುತಾದ ಮೊದಲ ಬೇಸಿನ ಬದಿಯಲ್ಲಿ. ಅಲ್ಲಿ ಪಿಚ್ಚಿನ ಉದ್ದದ ಗೆರೆ ಆಸನಗಳಿಗೆ ಸಮಾನಾಂತರವಾಗಿ ಸಾಗುತ್ತದೆ, ಎರಡೂ ಗೋಲುಗಳು ಕಾಣುತ್ತವೆ, ಬೆಲೆಯೂ ಕಡಿಮೆ.