ದುಬೈ ಫ್ಲಾಟಿಗೆ ಹೋಟೆಲ್‌ನಲ್ಲೇ ದುಡ್ಡು ಕಟ್ಟಿ ಬರಬೇಡಿ

ನನ್ನದು ದಾವಣಗೆರೆಯಲ್ಲಿ ಹಾರ್ಡ್‌ವೇರ್ ಅಂಗಡಿ. ನಮ್ಮೂರಲ್ಲಿ 30-40 ಸೈಟ್ ತಗೊಳ್ಳಬೇಕಾದರೆ ಇಸಿ ತೆಗೆಸುತ್ತೇನೆ, ಖಾತೆ ನೋಡುತ್ತೇನೆ, ವಕೀಲರಿಗೆ ತೋರಿಸುತ್ತೇನೆ, ಅದಾದ ಮೇಲೂ ಪಕ್ಕದ ಸೈಟಿನವರನ್ನು ಮಾತಾಡಿಸಿಕೊಂಡು ಬರುತ್ತೇನೆ. ಅಂಥ ನಾನು 2025ರಲ್ಲಿ ಒಂದು ಭಾನುವಾರ, ಮಧ್ಯಾಹ್ನದ ಊಟ ಮುಗಿಯುವಷ್ಟರಲ್ಲಿ ದುಬೈನಲ್ಲಿ ಫ್ಲಾಟ್ ಬುಕ್ ಮಾಡಿ ಬಂದೆ. ಕೊಟ್ಟಿದ್ದು ಒಟ್ಟು 14 ಲಕ್ಷ. ಫ್ಲಾಟ್ ಇಲ್ಲ.

ಪಿ.ಬಿ. ರಸ್ತೆಯ ಒಂದು ಹೋಟೆಲ್‌ನಲ್ಲಿ ಪ್ರಾಪರ್ಟಿ ಶೋ ಇತ್ತು. ಮೇಜಿನ ಮೇಲೆ ಕಟ್ಟಡದ ಮಾಡೆಲ್, ಕಿಟಕಿ ಕಿಟಕಿಗೂ ಕಡ್ಲೆಕಾಳಿನಷ್ಟು ದೀಪ. ಸೂಟು ಹಾಕಿದ್ದ ಹುಡುಗ ನಮ್ಮೂರನ್ನು ಎರಡು ಸಲ 'ದೇವನಾಗರಿ' ಅಂದ. ಆಗಲೇ ಎದ್ದು ಬರಬೇಕಿತ್ತು. ಬೆಲೆ 6 ಲಕ್ಷ ದಿರ್ಹಂ, ನಮ್ಮ ಲೆಕ್ಕದಲ್ಲಿ 1 ಕೋಟಿ 40 ಲಕ್ಷದ ಹತ್ತಿರ. ಮನೆ ತಗೊಂಡರೆ ಗೋಲ್ಡನ್ ವೀಸಾ, ಅಂದ್ರೆ ವರ್ಷಗಟ್ಟಲೆ ಅಲ್ಲೇ ಇರೋ ಪರ್ಮಿಶನ್, ತಾನಾಗೇ ಬರುತ್ತೆ ಸಾರ್ ಅಂದ. ಅದಕ್ಕೆ 20 ಲಕ್ಷ ದಿರ್ಹಂ ಆಸ್ತಿ ಬೇಕು ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಈ ರೇಟು ಇವತ್ತಿಗೆ ಮಾತ್ರ ಅಂದಿದ್ದಕ್ಕೆ ಕ್ರೆಡಿಟ್ ಕಾರ್ಡ್ ಉಜ್ಜಿದೆ. 2 ಲಕ್ಷ. ನನ್ನಾಕೆ ಮೇಜಿನ ಕೆಳಗೆ ಕಾಲು ಒತ್ತಿದ್ದಳು, ನಾನು ಲೆಕ್ಕಕ್ಕೆ ತಗೊಳ್ಳಲಿಲ್ಲ.

ಮೊದಲ ತಪ್ಪು ಇದೇ. ಹೊರದೇಶದಲ್ಲಿ ಮನೆ ಕೊಳ್ಳುವ ದುಡ್ಡು ಬ್ಯಾಂಕಿನ ಮೂಲಕ, ಎಲ್‌ಆರ್‌ಎಸ್ ಅನ್ನುವ, ಜನ ಹೊರದೇಶಕ್ಕೆ ದುಡ್ಡು ಕಳಿಸಲು ರಿಸರ್ವ್ ಬ್ಯಾಂಕ್ ಮಾಡಿಕೊಟ್ಟ ದಾರಿಯಲ್ಲಿ ಹೋಗಬೇಕು. ಒಬ್ಬರಿಗೆ ಒಂದು ಹಣಕಾಸು ವರ್ಷಕ್ಕೆ 2.5 ಲಕ್ಷ ಡಾಲರ್ ಮಿತಿ. ಅದೂ ಸ್ವಂತ ದುಡ್ಡಾಗಿರಬೇಕು, ಇಂಥದ್ದಕ್ಕೆ ಬ್ಯಾಂಕು ಸಾಲ ಕೊಡುವ ಹಾಗಿಲ್ಲ. ಕ್ರೆಡಿಟ್ ಕಾರ್ಡ್ ಅಂದ್ರೆ ಸಾಲವೇ ಅಲ್ವಾ?

ಉಳಿದ 12 ಲಕ್ಷವನ್ನು ಬ್ಯಾಂಕಿನಿಂದಲೇ ಕಳಿಸಿದೆ. 10 ಲಕ್ಷ ದಾಟಿದ ಮೊತ್ತಕ್ಕೆ 20% ಟಿಸಿಎಸ್, ಅಂದ್ರೆ ಮುಂಗಡವಾಗಿ ಹಿಡಿಯುವ ತೆರಿಗೆ, ಅಂತ 40,000 ಹಿಡಿದುಕೊಂಡರು. ಅದು ರಿಟರ್ನ್ ಹಾಕಿದಾಗ ಲೆಕ್ಕಕ್ಕೆ ಸಿಗುತ್ತೆ, ಚಿಂತೆ ಇಲ್ಲ. ಆದರೆ ಕೌಂಟರಿನಲ್ಲಿದ್ದ ಮೇಡಂ ಹೊರದೇಶಕ್ಕೆ ದುಡ್ಡು ಕಳಿಸಲು ತುಂಬುವ ಎ2 ಫಾರ್ಮ್ ನೋಡುತ್ತಾ, "ಸಾರ್, ಅಕೌಂಟ್ ಬಿಲ್ಡರ್ ಹೆಸರಲ್ಲಿ ಇಲ್ವಲ್ಲ, ಯಾವುದೋ ಬ್ರೋಕರ್ ಕಂಪನಿ ಇದೆ" ಅಂದರು. "ನೀವು ಕಳಿಸಿ ಮೇಡಂ, ಎಲ್ಲಾ ಮಾತಾಗಿದೆ" ಅಂದೆ. ಆ ಮಾತು ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತೆ.

ನಾಲ್ಕು ತಿಂಗಳಾದ ಮೇಲೆ, ಶಾರ್ಜಾದಲ್ಲಿರುವ ತಂಗಿ ಮಗನಿಗೆ ವಿಷಯ ಹೇಳಿದೆ. ಅವನು ಕೇಳಿದ ಮೊದಲ ಮಾತು, "ಮಾವ, ಉಕೂದ್ ಎಲ್ಲಿದೆ?"

"ಏನೋ ಹಂಗಂದ್ರೆ?"

ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ.

ಅವನು ಬಿಡಿಸಿ ಹೇಳಿದ್ದು ಇಷ್ಟು. ವಿದೇಶಿಯರು ದುಬೈನಲ್ಲಿ ಎಲ್ಲಿ ಬೇಕಾದರಲ್ಲಿ ಮನೆ ಕೊಳ್ಳುವಂತಿಲ್ಲ, ಸರ್ಕಾರ ಗುರುತಿಸಿದ ಫ್ರೀಹೋಲ್ಡ್, ಅಂದ್ರೆ ಪೂರ್ತಿ ಒಡೆತನ ಸಿಗುವ, ಜಾಗಗಳಲ್ಲಿ ಮಾತ್ರ. ಕಟ್ಟುತ್ತಿರುವ ಮನೆಯಾದರೆ ಮಾರಾಟ ಅಲ್ಲಿನ ಭೂ ಇಲಾಖೆಯ ತಾತ್ಕಾಲಿಕ ರಿಜಿಸ್ಟರಿನಲ್ಲಿ ಏರಬೇಕು. ಅದೇ ಉಕೂದ್. 2008ರ ಕಾನೂನಿನ ಪ್ರಕಾರ ಅದರಲ್ಲಿ ಏರದ ಮಾರಾಟ ಮಾರಾಟವೇ ಅಲ್ಲ. ಇಲಾಖೆಗೆ ಕಟ್ಟುವ 4% ಶುಲ್ಕ ಬೇರೆ. ಇನ್ನು ದುಡ್ಡು. ಅದು ಬಿಲ್ಡರ್ ಜೇಬಿಗೂ ಹೋಗುವಂತಿಲ್ಲ, ಬ್ರೋಕರ್ ಜೇಬಿಗಂತೂ ಇಲ್ಲವೇ ಇಲ್ಲ. 2007ರಿಂದ ಪ್ರತಿ ಪ್ರಾಜೆಕ್ಟಿಗೂ ಒಂದು ಎಸ್ಕ್ರೋ ಖಾತೆ, ಅಂದ್ರೆ ಆ ಕಟ್ಟಡದ ಕೆಲಸಕ್ಕೆ ಮಾತ್ರ ದುಡ್ಡು ಬಿಡುವ ಬ್ಯಾಂಕ್ ಖಾತೆ, ಇರಲೇಬೇಕು, ಕೊಳ್ಳುವವರ ಕಂತು ಅಲ್ಲಿಗೇ ಬೀಳಬೇಕು. ಪ್ರಾಜೆಕ್ಟು ನಿಜವೋ, ಬ್ರೋಕರ್‌ಗೆ ಲೈಸೆನ್ಸ್ ಇದೆಯೋ ಅನ್ನೋದನ್ನು 'ದುಬೈ ರೆಸ್ಟ್' ಆ್ಯಪ್‌ನಲ್ಲಿ ದಾವಣಗೆರೆಯಲ್ಲಿ ಕೂತೇ ನೋಡಬಹುದು. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಲ್ಲಿ ನಾನು ರೀಲ್ಸ್ ನೋಡುವ ಅದೇ ಮೊಬೈಲಿನಲ್ಲಿ!

ಅವನು ರಜೆ ಹಾಕಿ ಬಿಲ್ಡರ್ ಆಫೀಸಿಗೇ ಹೋದ. ಪ್ರಾಜೆಕ್ಟು ನಿಜ, ಕಟ್ಟಡ ಏಳುತ್ತಿದೆ. ನನಗೆ ತೋರಿಸಿದ ಫ್ಲಾಟ್ ನಂಬರ್ ಬೇರೆ ಯಾರದೋ ಹೆಸರಿಗೆ ಯಾವತ್ತೋ ಏರಿತ್ತು. ನನ್ನ ಹೆಸರು ಅಲ್ಲಿ ಯಾವ ಪುಸ್ತಕದಲ್ಲೂ ಇಲ್ಲ. ನನ್ನ ಹತ್ತಿರ ಇದ್ದದ್ದು ಒಂದು ಬುಕಿಂಗ್ ಫಾರ್ಮ್. ಭೂತಗನ್ನಡಿ ಹಿಡಿದು ನೋಡಿದರೆ ಕೊನೆಯ ಸಾಲಿನಲ್ಲಿ 'ಹಣ ವಾಪಸ್ ಇಲ್ಲ' ಅಂತ ಇಂಗ್ಲಿಷಿನಲ್ಲಿ.

ಅಕಸ್ಮಾತ್ ನಿಮಗೆ ಅಲ್ಲಿ ಮನೆ ಆಗೇ ಹೋಗಿದ್ದರೂ ಆಡಿಟರಿಗೆ ಮರೆಯದೆ ಹೇಳಿ. ರಿಟರ್ನ್‌ನಲ್ಲಿ ಹೊರದೇಶದ ಆಸ್ತಿ ತೋರಿಸುವ ಶೆಡ್ಯೂಲ್ ಎಫ್ಎ ತುಂಬಬೇಕು. ಮುಚ್ಚಿಟ್ಟರೆ 2015ರ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ದಂಡ ಬೀಳಬಹುದು.

ಕಾರ್ಡಿನ 2 ಲಕ್ಷ, ಬ್ಯಾಂಕಿಗೆ ತಕರಾರು ಬರೆದುಕೊಟ್ಟ ಮೇಲೆ ವಾಪಸ್ ಬಂತು. 12 ಲಕ್ಷ ಬಂದಿಲ್ಲ. ಅಲ್ಲಿನ ಕೋರ್ಟಿಗೆ ಹೋಗೋಣ ಅಂದರೆ ಕಾಗದವೆಲ್ಲ ಅರಬ್ಬಿಗೆ ಅನುವಾದ ಆಗಬೇಕು, ವಕೀಲರ ಫೀಸು ದಿರ್ಹಂನಲ್ಲಿ. ತಂಗಿ ಮಗ ವಿಚಾರಿಸುತ್ತಿದ್ದಾನೆ. ಸೂಟಿನ ಹುಡುಗನಿಗೆ ನಾನು ಈಗಲೂ ವಾಟ್ಸಾಪ್ ಮಾಡುತ್ತೇನೆ. ಎರಡು ನೀಲಿ ಗೆರೆ ಬೀಳುತ್ತೆ, ಅಷ್ಟೇ.