ಟೈಲ್ಡ್ ಅಥವಾ ಎಲ್‌ಡಿಟಿಕೆ: ರಥಬೀದಿಯನ್ನು ಎರಡರಲ್ಲೂ ಕಟ್ಟಿ ನೋಡಿದಾಗ

ಮಂಗಳೂರು ಕಡೆ ಟೈಲ್ ಅಂದರೆ ಮಾಡಿನ ಹಂಚು. ಗೇಮ್‌ನ ಟೈಲ್ ಬರೀ ಒಂದು ಚೌಕ ಚಿತ್ರ, ನಮ್ಮದರಲ್ಲಿ 16 ಪಿಕ್ಸೆಲ್. ಅಂಥ ಟೈಲ್ ಜೋಡಿಸಿ ಗೇಮ್‌ನ ನಕ್ಷೆ ಕಟ್ಟುವ ಎಡಿಟರ್‌ಗಳೇ ಟೈಲ್ಡ್ ಮತ್ತು ಎಲ್‌ಡಿಟಿಕೆ. ಆದರೂ ಎಡಿಟರ್ ಪರೀಕ್ಷೆಗೆ ಹಂಚಿನ ಮಾಡಿನಷ್ಟು ಒಳ್ಳೆಯದು ಇನ್ನೊಂದಿಲ್ಲ: ತುದಿ, ಸೂರು, ಮೂಲೆ, ನಡು ಎಲ್ಲಕ್ಕೂ ಬೇರೆ ಬೇರೆ ಚಿತ್ರ ಬೇಕು. ಹಾಗಾಗಿ ಉಡುಪಿಯ ರಥಬೀದಿ: ನಡುವೆ ಅನಂತೇಶ್ವರ, ಚಂದ್ರಮೌಳೀಶ್ವರ, ಸುತ್ತ ಮಠಗಳು. ನಕ್ಷೆ 64×64 ಟೈಲ್. ಎಡಿಟರ್ ಎರಡೂ ಉಚಿತ.

ಟೈಲ್ಡ್‌ನಲ್ಲಿ ಕೈ ಕೂಡಲೇ ಓಡುತ್ತದೆ. ಆರ್ಥೊಗೊನಲ್ (ನೇರ ಚೌಕಗಳ) ನಕ್ಷೆ, ಟೈಲ್ ಅಳತೆ 16×16, ಟೈಲ್‌ಸೆಟ್ (ಎಲ್ಲ ಟೈಲ್ ಇರುವ ಒಂದೇ ಚಿತ್ರ) ಸೇರಿಸಿ, ಬಿ ಕೀ ಒತ್ತಿ ಬಳಿದರೆ ಆಯಿತು. ಅಂಚು ತಾನಾಗಿ ಕೂರಬೇಕಾದರೆ ಟೆರೇನ್ ಸೆಟ್ ಬೇಕು, ಅಂದರೆ ಯಾವ ಟೈಲ್ ಯಾವುದರ ಪಕ್ಕ ಕೂರುತ್ತದೆ ಎನ್ನುವ ಗುರುತು. ಮಣ್ಣು-ಹುಲ್ಲಿಗೆ ಮೂಲೆ ಹೊಂದಿಸುವ ಕಾರ್ನರ್ ಸೆಟ್, ಬೇಲಿಗೂ ಓಣಿಗೂ ಬದಿ ಹೊಂದಿಸುವ ಎಡ್ಜ್ ಸೆಟ್. ಎರಡು ಬಗೆಯ ನೆಲಕ್ಕೆ 16 ಟೈಲ್ ಪೂರ್ತಿ ಇರಲಿ. ಒಂದು ತಪ್ಪಿದರೂ ಬ್ರಷ್ ಇದ್ದುದರಲ್ಲೇ ಹೊಂದಿಸಲು ಹೋಗಿ ಪಕ್ಕದವನ್ನೂ ಬದಲಿಸುತ್ತದೆ.

ನಿಜವಾದ ಪೆಟ್ಟು ಬೀಳುವುದು ನಕ್ಷೆಯ ಫೈಲ್ ಓದುವ ಕೋಡ್‌ನಲ್ಲಿ. ಎಡ ಸೂರಿನ ಟೈಲನ್ನೇ ಎಕ್ಸ್ ಕೀಯಿಂದ ಕನ್ನಡಿಯಂತೆ ಎಡ-ಬಲ ತಿರುಗಿಸಿ ಬಲಕ್ಕೆ ಹಾಕಿದರೆ, ಫೈಲ್‌ನಲ್ಲಿ ಟೈಲ್ ಸಂಖ್ಯೆ 5 ಇರಬೇಕಾದಲ್ಲಿ 2147483653 ಕಾಣುತ್ತದೆ. ಫೈಲ್ ಕೆಟ್ಟಿಲ್ಲ, ತಿರುಗಿಸಿದ ಗುರುತು ಅತ್ಯಂತ ಮೇಲಿನ ಬಿಟ್‌ನಲ್ಲಿ ಕೂತಿದೆ. ಮೇಲಿನ 4 ಬಿಟ್ ಓದಿಕೊಂಡು, ಅಳಿಸಿ, ಆಮೇಲೆ ಟೈಲ್ ಹುಡುಕಬೇಕು. 0 ಅಂದರೆ ಖಾಲಿ, ಮೊದಲ ಟೈಲ್ 1 ಎನ್ನುವುದೂ ನೆನಪಿರಲಿ.

ಎಲ್‌ಡಿಟಿಕೆ ಮೊದಲ ಅರ್ಧ ಗಂಟೆ ಸತಾಯಿಸುತ್ತದೆ, ಏಕೆಂದರೆ ಚಿತ್ರಕ್ಕೆ ಮೊದಲು ಅರ್ಥ ಬಳಿಯಬೇಕು. ಇಂಟ್‌ಗ್ರಿಡ್ ಲೇಯರ್‌ನಲ್ಲಿ, ಅಂದರೆ ಚಿತ್ರದ ಬದಲು ಅಂಕೆ ತುಂಬುವ ಪದರದಲ್ಲಿ, 1 ಅಂಗಳ, 2 ಗೋಡೆ, 3 ಮಾಡು. ಬಳಿಕ ಆ ಅಂಕೆ ನೋಡಿ ಟೈಲ್ ಕೂರಿಸುವ 3×3 ನಿಯಮ: ನಡುವಿನ ಮನೆಗೆ (ಚೌಕಕ್ಕೆ) 3, ಕೆಳಗಿನ ಮನೆಗೆ ಬಲ ಕ್ಲಿಕ್ ಮಾಡಿ ‘3 ಅಲ್ಲ’, ಅಲ್ಲಿ ಸೂರಿನ ಟೈಲ್ ಕೂರುತ್ತದೆ. ಹೊಸಬರು ಎಡವುವುದು ಕ್ರಮದಲ್ಲಿ. ನಿಯಮಗಳು ಮೇಲಿನಿಂದ ಕೆಳಗೆ ಓಡುತ್ತವೆ, ಒಂದು ಹೊಂದಿದರೆ ಆ ಮನೆಗೆ ಅಲ್ಲಿಗೇ ನಿಲ್ಲುತ್ತವೆ. ಸಾದಾ ಹಂಚಿನ 1×1 ನಿಯಮ ಮೇಲಿದ್ದರೆ ಸೂರು ಬರುವುದೇ ಇಲ್ಲ. ಅದನ್ನು ಕಟ್ಟಕಡೆಗೆ ಇಳಿಸಿ. ಇಷ್ಟು ಹದವಾದರೆ ಮಠದ ಮಾಡು ಎರಡು ಸಾಲು ಹಿಗ್ಗಿಸುವುದು ಎರಡೇ ಎಳೆತದ ಕೆಲಸ. ಆಟಗಾರನನ್ನು ತಡೆಯುವ ಡಿಕ್ಕಿಗೆ ಬೇರೆ ಲೇಯರ್ ಬೇಡ, 2 ಇದ್ದಲ್ಲೆಲ್ಲ ಗೋಡೆ. ಮೊದಲ ಗೇಮ್‌ಗೆ ನಮ್ಮ ಓಟು ಇದಕ್ಕೇ.

ಐಸೊಮೆಟ್ರಿಕ್ (ಓರೆಯಾಗಿ ಮೇಲಿನಿಂದ ಕಾಣುವ) ಅಥವಾ ಷಟ್ಕೋನ ನಕ್ಷೆಯಾದರೆ ಚರ್ಚೆಯೇ ಬೇಡ, ಟೈಲ್ಡ್, ಎಲ್‌ಡಿಟಿಕೆಯಲ್ಲಿ ಅವಿಲ್ಲ. ಗೇಮ್ ಎಂಜಿನ್ ಗೊಡೊ 4 ಬಳಸುವವರಿಗೂ ಟೈಲ್ಡ್ ಸಲೀಸು: ಟೈಲ್ಡ್ 1.10ರಿಂದ ನೇರ ಎಕ್ಸ್‌ಪೋರ್ಟ್ ಇದೆ, ಎಲ್‌ಡಿಟಿಕೆಗೆ ಆಡ್‌ಆನ್ ಹಾಕಿಕೊಳ್ಳಬೇಕು.

ಟೈಲ್‌ಸೆಟ್ ಬೆಳೆಸುವಾಗ ಎರಡರಲ್ಲೂ ಕೆಳಗೆ ಸಾಲು ಸೇರಿಸಿ, ಅಗಲ ಮುಟ್ಟಬೇಡಿ. ಏಕೆಂದರೆ ಟೈಲ್‌ಗಳ ಎಣಿಕೆ ಎಡದಿಂದ ಬಲಕ್ಕೆ, ಸಾಲು ಸಾಲಾಗಿ. ಕ್ಯಾಮೆರಾ ಓಡುವಾಗ ಹಂಚುಗಳ ನಡುವೆ ಕೂದಲೆಳೆಯಂಥ ಗೆರೆ ಮಿನುಗಿದರೆ ಎಡಿಟರನ್ನು ಬೈಯಬೇಡಿ: ಎಂಜಿನ್‌ನಲ್ಲಿ ಫಿಲ್ಟರ್ ನಿಯರೆಸ್ಟ್ (ಪಕ್ಕದ ಪಿಕ್ಸೆಲ್ ಬಣ್ಣ ಬೆರೆಸದ ಬಗೆ) ಇಡಿ, ಆಗಲೂ ಹೋಗದಿದ್ದರೆ ಪ್ರತಿ ಟೈಲಿನ ಅಂಚನ್ನು 1 ಪಿಕ್ಸೆಲ್ ಹೊರಕ್ಕೆ ನಕಲು ಮಾಡಿ, ಟೈಲ್‌ಸೆಟ್‌ಗೆ ಮಾರ್ಜಿನ್ (ಹೊರ ಅಂಚು) 1, ಸ್ಪೇಸಿಂಗ್ (ಟೈಲ್‌ಗಳ ನಡುವಿನ ಅಂತರ) 2 ಕೊಡಿ.